ಹಲ್ಲಿಗೆ ದಾರಿ ಬಿಡುವ ಮೂಳೆ

ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿ ಸೀಮೆಯ ಹೊಲದಲ್ಲಿ ಊಟಕ್ಕೆ ಕುಳಿತರೆ ಕಡಕ್ ಸಜ್ಜೆ ರೊಟ್ಟಿ ಮುರಿಯುವ ಸದ್ದೇ ಒಂದು ಸಂಭ್ರಮ. ಈ ಸಲ ನಮ್ಮ ಸಾಲಿನಲ್ಲಿ ಒಂದು ತಟ್ಟೆ ಮಾತ್ರ ಸದ್ದು ಮಾಡಲಿಲ್ಲ. ಹದಿಮೂರು ವರ್ಷದ ನನ್ನ ಅಕ್ಕನ ಮಗಳು ರೊಟ್ಟಿಯನ್ನು ಕಾಳು, ಸೊಪ್ಪು ಬೇಯಿಸಿದ ಭಜ್ಜಿಯಲ್ಲಿ ಮುಳುಗಿಸಿ, ಅದು ನೆನೆಯುವುದನ್ನೇ ಕಾಯುತ್ತಿದ್ದಳು. ಹಲ್ಲಿಗೆ ಕ್ಲಿಪ್ ಹಾಕಿಸಿ ಮೂರು ವಾರವಾಗಿತ್ತು; ಕಬ್ಬು ಮುಟ್ಟುವಂತಿರಲಿಲ್ಲ. ನಮ್ಮವ್ವ ಅವಳ ಬಾಯಿಯನ್ನು ದಿಟ್ಟಿಸಿ, "ಇಷ್ಟು ಸಣ್ಣ ತಂತಿ ಅಷ್ಟು ಗಟ್ಟಿ ಹಲ್ಲನ್ನು ಹೇಗೆ ಎಳೆಯುತ್ತದೆ?" ಎಂದು ಕೇಳಿದಳು.

ಎಳೆಯುವುದು ತಂತಿಯೇ. ಆದರೆ ದಾರಿ ಮಾಡಿಕೊಡುವುದು ಮೂಳೆ. ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಎರಡರ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಹಲ್ಲು ಅದರಲ್ಲಿ ತೂಗುಬಿದ್ದಿರುತ್ತದೆ. ತಂತಿ ಒಂದು ಕಡೆಗೆ ನೂಕಿದಾಗ ಆ ಬದಿಯ ನಾರು ಹಿಂಡಿದಂತಾಗಿ ಅಲ್ಲಿ ರಕ್ತಸಂಚಾರ ತಗ್ಗುತ್ತದೆ, ರಾಸಾಯನಿಕ ಸಂಕೇತಗಳು ಹೊರಡುತ್ತವೆ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಬಂದು ಅಲ್ಲಿನ ಮೂಳೆಯನ್ನು ಕರಗಿಸತೊಡಗುತ್ತವೆ. ಎದುರು ಬದಿಯಲ್ಲಿ ನಾರು ಜಗ್ಗಿದಾಗ ಆಸ್ಟಿಯೋಬ್ಲಾಸ್ಟ್ ಕೋಶಗಳು ಹೊಸ ಮೂಳೆ ಕಟ್ಟುತ್ತವೆ. ಎರೆ ಹೊಲದಲ್ಲಿ ನೆಟ್ಟ ಗೂಟವನ್ನು ದಿನವೂ ಒಂದೇ ಕಡೆಗೆ ಒತ್ತಿದರೆ ಅದು ವಾಲುತ್ತದೆ, ಬೆನ್ನ ಹಿಂದೆ ಬಿರುಕು ಬಿಡುತ್ತದೆ. ದವಡೆಯಲ್ಲಿ ಆ ಬಿರುಕು ತನ್ನಷ್ಟಕ್ಕೆ ತುಂಬಿಕೊಳ್ಳುತ್ತದೆ.

ಈ ಕೆಲಸಕ್ಕೆ ಅವಸರ ಹಿಡಿಸುವುದಿಲ್ಲ. ಹಲ್ಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸರಿಯುತ್ತದೆ. ಬೇಗ ಮುಗಿಯಲಿ ಎಂದು ಬಿಗಿ ಹೆಚ್ಚಿಸಿದರೆ ರಕ್ತವೇ ನಿಂತು ಅಲ್ಲಿನ ಅಂಗಾಂಶ ಸಾಯುತ್ತದೆ, ಹಲ್ಲು ಇದ್ದಲ್ಲೇ ಉಳಿಯುತ್ತದೆ. ಬೇರಿನ ತುದಿ ಸವೆಯುವ ಅಪಾಯ ಬೇರೆ. "ನಮ್ಮಲ್ಲಿ ಆರೇ ತಿಂಗಳು" ಎನ್ನುವ ಫಲಕಗಳನ್ನು ಕಂಡಾಗ ನನಗೆ ಅನುಮಾನವೇ ಹುಟ್ಟುತ್ತದೆ.

ಹಾಗಾದರೆ ಬೇಕಾದದ್ದು ಹಗುರವಾಗಿ, ಬಿಡದೆ ಒತ್ತುವ ತಂತಿ. ಬೀದರಿನ ಬಿದರಿ ಕುಶಲಕರ್ಮಿ ಲೋಹದಲ್ಲಿ ಗೀರು ಕೊರೆದು ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾನೆ. ಬೆಳ್ಳಿ ಮೆದು, ಬಾಗಿಸಿದಲ್ಲೇ ನಿಲ್ಲುತ್ತದೆ. ಅವನಿಗೆ ಬೇಕಾದ ಗುಣ ಅದೇ. ದಂತವೈದ್ಯರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ, ಎಷ್ಟು ಬಾಗಿಸಿದರೂ ತನ್ನ ಮೂಲ ಆಕಾರಕ್ಕೆ ಮರಳಲು ಹವಣಿಸುವ ಲೋಹ. ನಿಕಲ್ ಮತ್ತು ಟೈಟಾನಿಯಂ ಸೇರಿದ ಅಂಥ ಮಿಶ್ರಲೋಹ ಅಮೆರಿಕದ ನೌಕಾಪಡೆಯ ಪ್ರಯೋಗಾಲಯವೊಂದರಲ್ಲಿ 1960ರ ಆಸುಪಾಸಿನಲ್ಲಿ ಹೊರಬಿತ್ತು. 1970ರ ದಶಕದಲ್ಲಿ ಬಾಯಿಗೆ ಬಂತು. ಓರೆ ಹಲ್ಲುಗಳ ಮೇಲೆ ಅಂಟಿಸಿದ ಬ್ರಾಕೆಟ್ ಎಂಬ ಪುಟ್ಟ ಹಿಡಿಕೆಗಳಿಗೆ ಡೊಂಕಾಗಿ ಸಿಕ್ಕಿಸಿದ ಆ ತಂತಿ ನೆಟ್ಟಗಾಗಲು ಹೊರಟಾಗ ಹಲ್ಲುಗಳೂ ಅದರ ಹಿಂದೆ ಹೊರಡುತ್ತವೆ.

ಬ್ರಾಕೆಟ್ ಅಂಟಿಸುವಲ್ಲಿ ನಮ್ಮ ಭಾಗಕ್ಕೇ ಒಂದು ತೊಡಕಿದೆ. ಫಾಸ್ಫಾರಿಕ್ ಆಮ್ಲ ಹಚ್ಚಿ ಅರ್ಧ ನಿಮಿಷದಷ್ಟು ಬಿಟ್ಟರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಲ್ಲಿ ಕಣ್ಣಿಗೆ ಕಾಣದ ಗುಳಿಗಳು ಮೂಡುತ್ತವೆ, ಅಂಟು ಅವುಗಳೊಳಗೆ ಇಳಿದು ಗಟ್ಟಿಯಾಗುತ್ತದೆ. ಕಲಬುರಗಿ, ಯಾದಗಿರಿ ಜಿಲ್ಲೆಗಳ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರಿಲ್ಲದಿದ್ದರೆ 1.5. ಬಾಲ್ಯದಲ್ಲಿ ಅದಕ್ಕಿಂತ ಹೆಚ್ಚು ಕುಡಿದವರ ಹಲ್ಲಿನ ಮೇಲೆ ಬಿಳಿ, ಕಂದು ಕಲೆಗಳು ಬೀಳುತ್ತವೆ. ಅಂಥ ಎನಾಮಲ್ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಹಾಗಾಗಿ ಬ್ರಾಕೆಟ್ ಬೇಗ ಕಳಚಿಕೊಳ್ಳುತ್ತದೆ. ವೈದ್ಯರು ಆಮ್ಲವನ್ನು ಇನ್ನಷ್ಟು ಹೊತ್ತು ಬಿಡಬೇಕು, ಕೆಲವೊಮ್ಮೆ ಮೇಲ್ಪದರವನ್ನು ತುಸು ಉಜ್ಜಬೇಕು.

ಇಷ್ಟೆಲ್ಲ ಯಾಕೆ? ಅಂದಕ್ಕಾಗಿ, ಹೌದು, ಉಬ್ಬು ಹಲ್ಲಿನ ಹುಡುಗಿಗೆ ಶಾಲೆಯಲ್ಲಿ ಬೀಳುವ ಅಡ್ಡಹೆಸರುಗಳನ್ನು ಬಲ್ಲವರು ಅದನ್ನು ಹಗುರವಾಗಿ ಕಾಣಲಾರರು. ಅದಲ್ಲದೆ, ಮುಂದೆ ಚಾಚಿದ ಮೇಲಿನ ಹಲ್ಲು ಆಟದಲ್ಲಿ ಮುಗ್ಗರಿಸಿದಾಗ ಮೊದಲು ಮುರಿಯುತ್ತದೆ. ಒಂದರ ಮೇಲೊಂದು ಹತ್ತಿದ ಹಲ್ಲುಗಳ ಸಂದಿಗೆ ಬ್ರಷ್ ತಲುಪುವುದಿಲ್ಲ. ಆದರೆ ತುಸು ಓರೆಯಾಗಿದ್ದು ತೊಂದರೆ ಕೊಡದ ಹಲ್ಲಿಗೆ ತಂತಿ ಬೇಕೇಬೇಕೆಂದಿಲ್ಲ.

ಹಲ್ಲು ಓರೆಯಾಗುವುದರಲ್ಲಿ ವಂಶದ ಪಾಲು ದೊಡ್ಡದಾದರೂ, ಎಳವೆಯಲ್ಲಿ ಮೆತ್ತನೆಯದನ್ನೇ ತಿಂದು ಬೆಳೆದರೆ ದವಡೆ ಕಿರಿದಾಗಿ ಹಲ್ಲಿಗೆ ಜಾಗ ಸಾಲದೆ ಹೋಗುತ್ತದೆ ಎಂಬುದು ಹಲವು ಮಾನವಶಾಸ್ತ್ರಜ್ಞರ ವಾದ. ಅದನ್ನು ಹೇಳಿದ್ದೇ ತಪ್ಪಾಯಿತು. "ಬಿಸ್ಕತ್ತು ತಿನ್ನಿಸಿ ಬೆಳೆಸಿದಿರಿ" ಎಂದು ಅವ್ವ ಅಕ್ಕನ ಕಡೆಗೆ ತಿರುಗಿದಳು.

ಕ್ಲಿಪ್ ಬಿಚ್ಚಿದ ಮೇಲೂ ರಾತ್ರಿ ಹೊತ್ತು ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಹಾಕಿಕೊಳ್ಳಬೇಕು ಎಂದಾಗ ಹುಡುಗಿಯ ಮುಖ ಬಾಡಿತು. ಮೂಳೆ ಹೊಸ ಜಾಗಕ್ಕೆ ಒಗ್ಗಿಕೊಂಡರೂ ಒಸಡಿನೊಳಗಿನ ಹಿಗ್ಗುವ ನಾರುಗಳು ತಿಂಗಳುಗಟ್ಟಲೆ ಹಲ್ಲನ್ನು ಹಳೆಯ ಜಾಗಕ್ಕೇ ಜಗ್ಗುತ್ತಿರುತ್ತವೆ. ಎಷ್ಟು ದಿನ ಹಾಕಬೇಕು ಎಂದು ಕೇಳಿದಳು. ವರ್ಷಗಟ್ಟಲೆ ಎಂದು ಹೇಳುವ ಧೈರ್ಯ ಅಲ್ಲಿದ್ದ ಯಾರಿಗೂ ಬರಲಿಲ್ಲ. ಅಷ್ಟರಲ್ಲಿ ಅವಳ ರೊಟ್ಟಿ ನೆನೆದಿತ್ತು.