ಕೃಷಿ ಹೊಂಡಕ್ಕೆ ಬಿದ್ದವರು ಯಾಕೆ ಹತ್ತಿ ಬರಲಾರರು?

ವಿಜಯಪುರದ ತಾಜ್ ಬಾವಡಿ ನೋಡಿದ್ದೀರಲ್ವಾ? ಅದರಲ್ಲಿ ನೀರಿಗೆ ಇಳಿಯಲು, ಮತ್ತೆ ಹತ್ತಿ ಬರಲು ಕಲ್ಲಿನ ಮೆಟ್ಟಿಲುಗಳಿವೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ನಮ್ಮ ಒಣಬೇಸಾಯದ ಹೊಲಗಳಲ್ಲಿ ಕೃಷಿ ಹೊಂಡಗಳು ಬಂದವು. ಮಳೆ ಕೈಕೊಟ್ಟಾಗ ಬೆಳೆ ಉಳಿಸುವುದು ಇವೇ. ಆದರೆ ಹೆಚ್ಚಿನವಕ್ಕೆ ಮೆಟ್ಟಿಲೇ ಇಲ್ಲ.

ಆಳ ಸುಮಾರು 3 ಮೀಟರ್. ನೀರು ಇಂಗದಿರಲಿ ಎಂದು ಇಳಿಜಾರಿನ ದಂಡೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಒದ್ದೆ ಪ್ಲಾಸ್ಟಿಕ್ ಮೇಲೆ ಕಾಲಿಗೆ ಹಿಡಿತ ಸಿಗುವುದಿಲ್ಲ. ಪಾಚಿ ಕಟ್ಟಿದರಂತೂ ಮುಗಿಯಿತು. ಒಂದು ಹೆಜ್ಜೆ ಮೇಲಿಟ್ಟರೆ ಮತ್ತೆ ನೀರಿಗೇ ಜಾರುತ್ತದೆ. ಈಜು ಬಲ್ಲವರೂ ಹೀಗೆ ಜಾರಿ ಜಾರಿ ಸುಸ್ತಾಗುತ್ತಾರೆ. ಉಳಿಸಲು ಇಳಿದವರದೂ ಅದೇ ಗತಿ. ದಂಡೆಯ ಗೂಟಕ್ಕೆ ಕಟ್ಟಿ, ನೀರಿನ ತನಕ ಇಳಿಬಿಟ್ಟ ಗಂಟು ಹಾಕಿದ ಹಗ್ಗ ಒಂದಿದ್ದರೂ ಹಿಡಿದು ಹತ್ತಬಹುದು. ನಾಲ್ಕೂ ಬದಿಗೆ ಕಟ್ಟಿ. ಸುತ್ತ ಬೇಲಿ ಹಾಕಿ. ಖರ್ಚು ಜಾಸ್ತಿ ಎಂದು ದಯವಿಟ್ಟು ಬಿಡಬೇಡಿ.

ಮುಳುಗುವವರು ಕೂಗುತ್ತಾರೆ ಎಂದು ಕಾಯಬೇಡಿ. ಬಾಯಿ ನೀರಿನ ಮೇಲೆ ಬರುವುದು ಒಂದು ಕ್ಷಣ. ಅಷ್ಟರಲ್ಲಿ ಉಸಿರು ಎಳೆದುಕೊಳ್ಳುವುದೇ ಕಷ್ಟ, ಕೂಗುವುದೆಲ್ಲಿ? ಕೈಗಳು ತಾವಾಗಿಯೇ ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಎತ್ತಿ ಬೀಸಲು ಆಗುವುದಿಲ್ಲ. ಅಮೆರಿಕದ ಜೀವರಕ್ಷಕ ಫ್ರಾನ್ಸೆಸ್ಕೊ ಪಿಯಾ ಗಮನಿಸಿದಂತೆ ಈ ಒದ್ದಾಟ 20ರಿಂದ 60 ಸೆಕೆಂಡು ಮಾತ್ರ. ಕೃಷ್ಣೆಯ ದಂಡೆಯಲ್ಲಾಗಲಿ, ಕಾಲುವೆಯಲ್ಲಾಗಲಿ, ಮಕ್ಕಳು ಸುಮ್ನೆ ಆಡುತ್ತಿದ್ದಾರೆ ಅನಿಸುವುದು ಇದೇ ಕಾರಣಕ್ಕೆ.

ಕಂಡ ಕೂಡಲೇ ನೀರಿಗೆ ಹಾರಬೇಡಿ. ದಂಡೆಯ ಮೇಲೆ ಮಲಗಿ ಸೀರೆ, ಧೋತರ, ಬಿದಿರಿನ ಗಳ, ಏನಾದರೂ ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆದರೂ ಹಿಡಿದು ತೇಲುತ್ತಾರೆ. ಜೊತೆಗಿದ್ದವರು 112ಕ್ಕೆ ಫೋನ್ ಮಾಡಲಿ.

ಮೇಲೆ ತಂದ ಮೇಲೆ ನಮ್ಮ ಕಡೆ ಹೊಟ್ಟೆ ಒತ್ತುತ್ತಾರೆ, ಹೆಗಲ ಮೇಲೆ ಹಾಕಿಕೊಂಡು ಗಿರಗಿರ ತಿರುಗಿಸುತ್ತಾರೆ. ಇದನ್ನು ನಿಲ್ಲಿಸಲೇಬೇಕು. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಉಸಿರಿನ ದಾರಿಗೇ ಹೋಗುತ್ತದೆ, ಸಮಯವೂ ಹಾಳು. ಆಮ್ಲಜನಕ ಸಿಗದಿದ್ದರೆ ಕೆಲವೇ ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಬೀಳುತ್ತದೆ. ಉಸಿರಾಟ ಇಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಉಸಿರು ಊದಿ. ಆಮೇಲೆ ಎದೆಯ ನಡುವೆ ಜೋರಾಗಿ 30 ಸಲ ಒತ್ತಿ, ಮತ್ತೆ 2 ಸಲ ಊದಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶದೊಳಗೆ ನೀರು ಹೋಗಿದ್ದರೆ ಕೆಲವು ತಾಸಿನ ನಂತರವೂ ಉಸಿರಾಟ ಕೆಡಬಹುದು.