ಕಲ್ಲಿನಲ್ಲಿ ಉಳಿಯದ ಮಾತು

ಬಳ್ಳಾರಿ ಬಳಿಯ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನರು ಕಲ್ಲುಕೊಡಲಿ ಉಜ್ಜಿ ನಯಗೊಳಿಸಿದ ತೋಡುಗಳನ್ನು ಬಂಡೆಗಳ ಮೇಲೆ ಇಂದಿಗೂ ಬೆರಳಿಂದ ಮುಟ್ಟಿ ನೋಡಬಹುದು. ಆದರೆ ಆ ಕಸುಬನ್ನು ಮಕ್ಕಳಿಗೆ ಕಲಿಸುವಾಗ ಅವರು ಆಡಿದ ಮಾತಿನ ಒಂದು ತುಣುಕೂ ಉಳಿದಿಲ್ಲ. ಈ ಸೀಮೆಯ ಅತಿ ಹಳೆಯ ಬರಹಗಳಾದ ಮಸ್ಕಿ, ನಿಟ್ಟೂರು ಮತ್ತು ಕೊಪ್ಪಳದ ಗವಿಮಠದ ಅಶೋಕನ ಶಾಸನಗಳು ಕ್ರಿ.ಪೂ. 3ನೆಯ ಶತಮಾನದವು, ಅವುಗಳ ಭಾಷೆಯೂ ಪ್ರಾಕೃತ. ಮಾತು ಹುಟ್ಟಿ ಹತ್ತಾರು ಸಾವಿರ ವರ್ಷಗಳು ಕಳೆದ ಮೇಲೆ ಬಂದದ್ದು ಬರಹ.

ಹೀಗಾಗಿ ಮಾತಿನ ಹುಟ್ಟನ್ನು ಅರಸುವವರು ಬಳಸು ದಾರಿಯನ್ನೇ ಹಿಡಿಯಬೇಕು. ಊಹೆಗಳನ್ನು ಒರೆಗೆ ಹಚ್ಚುವ ಆಧಾರಗಳಿಲ್ಲದ ಕಾಲದಲ್ಲಿ, 1866ರಲ್ಲಿ, ಪ್ಯಾರಿಸ್ಸಿನ ಭಾಷಾವಿಜ್ಞಾನ ಸಂಘವು ಈ ವಿಷಯದ ಪ್ರಬಂಧಗಳನ್ನೇ ಸ್ವೀಕರಿಸುವುದಿಲ್ಲವೆಂದು ನಿಯಮ ಮಾಡಿತ್ತು. ಇಸ್ರೇಲಿನ ಕೆಬಾರಾ ಗುಹೆಯಲ್ಲಿ 1983ರಲ್ಲಿ ಸಿಕ್ಕ, ಸುಮಾರು 60,000 ವರ್ಷ ಹಳೆಯ ನಿಯಾಂಡರ್ತಾಲ್ ಮಾನವನ, ಅಂದರೆ ಈಗ ಅಳಿದುಹೋಗಿರುವ ನಮ್ಮ ಹತ್ತಿರದ ಬಂಧುವಿನ, ಮಾತಿಗೆ ನೆರವಾಗುವ ನಾಲಿಗೆಯ ಬುಡದ ಎಲುಬು ನಮ್ಮದನ್ನೇ ಹೋಲುತ್ತದೆ. ಆದರೂ ಎಲುಬೊಂದರಿಂದ ಭಾಷೆ ಇತ್ತೆಂದು ಸಾಧಿಸಲಾಗದು.

ನನ್ನ ಮಟ್ಟಿಗೆ ಇದಕ್ಕಿಂತ ಬೆಲೆಯುಳ್ಳ ಸಾಕ್ಷ್ಯ ದೊರೆತದ್ದು ನಿಕರಾಗುವಾ ದೇಶದಲ್ಲಿ. 1977ರ ನಂತರ ಅಲ್ಲಿನ ರಾಜಧಾನಿ ಮನಾಗುವಾದ ಶಾಲೆಗಳಲ್ಲಿ ಕಿವಿ ಕೇಳದ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರಿದರು. ಶಿಕ್ಷಕರು ಕಲಿಸಹೊರಟಿದ್ದು ತುಟಿಯ ಚಲನೆ ನೋಡಿ ಸ್ಪ್ಯಾನಿಷ್ ಅರಿಯುವುದನ್ನು. ಮಕ್ಕಳು ಕಟ್ಟಿಕೊಂಡದ್ದು ಮನೆಮನೆಯ ಸನ್ನೆಗಳನ್ನು ಕೂಡಿಸಿ ತಮ್ಮದೇ ಆದ ಒಂದು ಭಾಷೆಯನ್ನು. ಇಳಿಜಾರಿನಲ್ಲಿ ಉರುಳುತ್ತಾ ಹೋಗುವುದನ್ನು ಮೊದಲ ತಂಡದವರು ಹೆಚ್ಚಾಗಿ ಒಂದೇ ಕೈಚಲನೆಯಲ್ಲಿ ತೋರಿಸುತ್ತಿದ್ದರೆ, ಅವರನ್ನು ನೋಡಿ ಕಲಿತ ಕಿರಿಯರು ಉರುಳುವುದಕ್ಕೊಂದು, ಇಳಿಯುವುದಕ್ಕೊಂದು ಸನ್ನೆ ಮಾಡಿ, ಒಂದಾದ ಮೇಲೊಂದರಂತೆ ಜೋಡಿಸತೊಡಗಿದರು. ಅನುಭವವನ್ನು ಬಿಡಿಬಿಡಿಯಾಗಿಸಿ ಮತ್ತೆ ಪೋಣಿಸುವ ಈ ಶಕ್ತಿಯೇ ವ್ಯಾಕರಣದ ಮೂಲ. ಅದನ್ನು ಅವರಿಗೆ ಯಾವ ಹಿರಿಯರೂ ಹೇಳಿಕೊಟ್ಟಿರಲಿಲ್ಲ.

ಮಕ್ಕಳು ಪ್ರತಿ ತಲೆಮಾರಿನಲ್ಲೂ ಭಾಷೆಯನ್ನು ಹೊಸದಾಗಿ ಕಲಿಯುವುದರಿಂದಲೇ ಅದು ಮಾರ್ಪಡುತ್ತಲೂ ಇರುತ್ತದೆ. 9ನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡೆಂದು ಹೆಸರಿಸುವ ಊರುಗಳಲ್ಲಿ ಇಂದಿನ ಕೊಪ್ಪಳವಾದ ಕೊಪಣವೂ ಒಂದು. ಆ ಕಾಲದ ಕನ್ನಡದಲ್ಲಿದ್ದ ಪಾಲ್, ಪುಲಿಗಳು ಮುಂದಿನ ಕೆಲವು ಶತಮಾನಗಳಲ್ಲಿ ಹಾಲು, ಹುಲಿ ಆದವು. ಒಂದೆರಡು ಪದಗಳಲ್ಲಲ್ಲ, ಮೊದಲಕ್ಷರ ಪಕಾರವಿದ್ದ ನೂರಾರು ದೇಸಿ ಪದಗಳಲ್ಲಿ ಈ ಬದಲಾವಣೆ ಸಾಲುಹಿಡಿದು ನಡೆಯಿತು. ತೆಲುಗಿನಲ್ಲಿ ಅದು ನಡೆಯಲಿಲ್ಲ. ಬಳ್ಳಾರಿಯ ತೆಲುಗು ಮನೆಗಳಲ್ಲಿ ಇಂದಿಗೂ ಪಾಲು, ಪುಲಿ ಎಂದೇ ಕೇಳಿಬರುತ್ತದೆ.

ಇಂಗ್ಲಿಷ್ ಪದಗಳು ನುಗ್ಗಿ ಕನ್ನಡ ಕೆಟ್ಟಿತೆಂದು ಮರುಗುವವರ ಕಾಳಜಿ ನಿಜವಾದದ್ದು. ಆದರೆ ರಾಯಚೂರಿನಲ್ಲಿ ಒಬ್ಬರು ‘ಮೊಬೈಲ್ ಚಾರ್ಜಿಗೆ ಹಾಕ್ರಿ’ ಎಂದಾಗ ಎರವಲು ಬಂದಿರುವುದು ಎರಡು ನಾಮಪದಗಳು ಮಾತ್ರ; ವಿಭಕ್ತಿ, ಕ್ರಿಯಾಪದ, ಮರ್ಯಾದೆಯ ‘ರಿ’ ಮತ್ತು ಪದಗಳ ಕ್ರಮ ಕನ್ನಡದವೇ.