ಫ್ಲೂ, ಡೆಂಗಿ, ಕೋವಿಡ್: ಜ್ವರ ಒಂದೇ ಥರ ಯಾಕೆ?

ಫ್ಲೂ ಬಂದರೂ ಚಳಿಜ್ವರ, ಮೈಕೈ ನೋವು. ಡೆಂಗಿಗೂ ಅದೇ. ಕೋವಿಡ್‌ಗೂ ಮೊದಲ ಎರಡು ದಿನ ಅದೇ, ಅಲ್ವಾ? ವೈರಸ್‌ಗಳು ಬೇರೆ ಬೇರೆ, ಆದರೆ ಅವು ಒಳಗೆ ಬಂದಾಗ ನಮ್ಮ ಜೀವಕೋಶ ಹಾಕುವ ಕೂಗು ಹೆಚ್ಚುಕಡಿಮೆ ಒಂದೇ. ಸುಸ್ತಿನಲ್ಲಿ ಬಹುಪಾಲು ಆ ಕೂಗಿನದ್ದೇ.

ಈ ಕೂಗು ಮೊದಲು ಕಿವಿಗೆ ಬಿದ್ದದ್ದು 1957ರಲ್ಲಿ, ಲಂಡನ್ನಿನ ಮಿಲ್ ಹಿಲ್‌ನಲ್ಲಿ. ಅಲಿಕ್ ಐಸಾಕ್ಸ್ ಮತ್ತು ಜಾನ್ ಲಿಂಡೆನ್‌ಮನ್ ಬಿಸಿ ಮಾಡಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯ ಪೊರೆಯ ಚೂರುಗಳ ಜೊತೆ ಇಟ್ಟರು. ಆ ದ್ರವವನ್ನು ಹೊಸ ಪೊರೆಗೆ ಹಾಕಿದರೆ ಅಲ್ಲಿ ಜೀವಂತ ವೈರಸ್ ಕೂಡ ಸರಿಯಾಗಿ ಬೆಳೆಯಲಿಲ್ಲ. ಕೋಶಗಳು ಬಿಟ್ಟ ಆ ವಸ್ತುವಿಗೆ ಇಂಟರ್‌ಫೆರಾನ್ ಅಂತ ಹೆಸರಿಟ್ಟರು. ನಂಬದವರು ಅದನ್ನು 'ಮಿಸ್‌ಇಂಟರ್‌ಪ್ರೆಟಾನ್' ಅಂತ ಆಡಿಕೊಂಡರು, ಅಂದರೆ ತಪ್ಪು ತಿಳಿದುಕೊಂಡದ್ದು ಅಂತ!

ಇಂಟರ್‌ಫೆರಾನ್ ತಾನೇ ವೈರಸ್ಸನ್ನು ಕೊಲ್ಲುವುದಿಲ್ಲ. ಅಕ್ಕಪಕ್ಕದ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ, ಅಷ್ಟೆ. ಸುದ್ದಿ ಮುಟ್ಟಿದ ಕೋಶದಲ್ಲಿ ನೂರಾರು ಜೀನ್‌ಗಳು ಎದ್ದು ಕೂರುತ್ತವೆ. ಒಂದು ಜೀನ್, ವೈರಸ್ಸಿನ ಆರ್‌ಎನ್‌ಎ (ಅದರ ವಂಶವಾಹಿ ಎಳೆ) ಕತ್ತರಿಸಲು ನೆರವಾಗುತ್ತದೆ, ಇನ್ನೊಂದು ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. 1962ರಲ್ಲಿ ಇದೇ ಲಿಂಡೆನ್‌ಮನ್ ಫ್ಲೂಗೆ ಜಗ್ಗದ ಒಂದು ತಳಿಯ ಇಲಿಗಳನ್ನು ಗಮನಿಸಿದ್ದರು. ಅವುಗಳ ಗುಟ್ಟು ಎಂಎಕ್ಸ್ ಅನ್ನುವ ಇಂಥದ್ದೇ ಒಂದು ಜೀನ್ ಅಂತ ಆಮೇಲೆ ತಿಳಿಯಿತು.

ಆದರೆ ಆಗೆಲ್ಲ ಒಂದೊಂದೇ ಜೀನ್ ಹಿಡಿದು ನೋಡಬೇಕಿತ್ತು. 1995ರ ಸುಮಾರಿಗೆ ಡಿಎನ್‌ಎ ಮೈಕ್ರೋಅರೇ, ಆಮೇಲೆ ಆರ್‌ಎನ್‌ಎ ಸೀಕ್ವೆನ್ಸಿಂಗ್ ಬಂದವು. ಸಾವಿರಾರು ಜೀನ್‌ಗಳಲ್ಲಿ ಯಾವುದು ಎದ್ದಿದೆ, ಯಾವುದು ಮಲಗಿದೆ ಅಂತ ಒಂದೇ ಸಲಕ್ಕೆ ಕಾಣತೊಡಗಿತು. ಹೋಲಿಕೆ ನಿಜಕ್ಕೂ ಶುರುವಾದದ್ದು ಆಗ.

ಕಂಡದ್ದು ಇಷ್ಟು: ಕೂಗು ಒಂದೇ, ಆದರೆ ಅದರ ಬಾಯಿ ಮುಚ್ಚಿಸುವ ಉಪಾಯ ಒಂದೊಂದು ವೈರಸ್‌ಗೆ ಒಂದೊಂದು. ಫ್ಲೂ ವೈರಸ್ ಎನ್‌ಎಸ್1 ಎಂಬ ಪ್ರೋಟೀನಿನಿಂದ ಕೂಗು ಹುಟ್ಟುವ ಮೊದಲೇ ಅಡ್ಡ ಹಾಕುತ್ತದೆ. ಡೆಂಗಿಯ ಎನ್‌ಎಸ್5 ಪ್ರೋಟೀನ್, ಕೋಶದೊಳಗೆ ಇಂಟರ್‌ಫೆರಾನ್ ಸುದ್ದಿ ಒಯ್ಯುವ ಸ್ಟಾಟ್2 ಎಂಬ ಪ್ರೋಟೀನನ್ನೇ ನಾಶ ಮಾಡಿಸುತ್ತದೆ. ತಮಾಷೆ ಅಂದರೆ ಇಲಿಯ ಸ್ಟಾಟ್2 ಮೇಲೆ ಈ ಆಟ ನಡೆಯುವುದಿಲ್ಲ, ಹಾಗಾಗಿ ಮಾಮೂಲಿ ಇಲಿಯಲ್ಲಿ ಡೆಂಗಿ ಅಧ್ಯಯನ ಮಾಡುವುದು ದೊಡ್ಡ ತಲೆನೋವು. ನಮ್ಮ ಮಲೆನಾಡಿನ ಮಂಗನಕಾಯಿಲೆ ವೈರಸ್ಸೂ ಡೆಂಗಿಯ ಕುಲದ್ದೇ. ಅದು ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದೂ 1957ರಲ್ಲೇ, ನೋಡಿ.

2020ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯಕೀಯ ಕಾಲೇಜಿನ ತಂಡವೊಂದು ಕೋವಿಡ್ ವೈರಸ್ಸನ್ನು ಫ್ಲೂ, ಆರ್‌ಎಸ್‌ವಿ (ಉಸಿರಾಟದ ಇನ್ನೊಂದು ವೈರಸ್) ಮುಂತಾದವುಗಳ ಪಕ್ಕದಲ್ಲಿಟ್ಟು ನೋಡಿತು. ಕೋವಿಡ್‌ನಲ್ಲಿ ಇಂಟರ್‌ಫೆರಾನ್ ಕಮ್ಮಿ, ಆದರೆ ಉರಿಯೂತದ ಸಂಕೇತಗಳು ಜಾಸ್ತಿ. ಕಾವಲುಗಾರ ಮಲಗಿದ್ದಾನೆ, ಬೀದಿಯಲ್ಲಿ ಮಾತ್ರ ದೊಂಬಿ. ಅದೇ ವರ್ಷ ಇನ್ನೊಂದು ಅಧ್ಯಯನದಲ್ಲಿ, ಪ್ರಾಣಾಪಾಯದ ಹಂತ ಮುಟ್ಟಿದ್ದ 987 ಕೋವಿಡ್ ರೋಗಿಗಳ ಪೈಕಿ 101 ಮಂದಿಯ ರಕ್ತದಲ್ಲಿ ಇಂಟರ್‌ಫೆರಾನ್‌ಗೇ ಅಂಟಿಕೊಂಡು ಅದನ್ನು ಕೆಡಿಸುವ ಪ್ರತಿಕಾಯಗಳು ಸಿಕ್ಕವು. 101ರಲ್ಲಿ 95 ಜನ ಗಂಡಸರು. ಸೌಮ್ಯ ಕಾಯಿಲೆಯ 663 ಮಂದಿಯಲ್ಲಿ ಒಬ್ಬರಲ್ಲೂ ಇರಲಿಲ್ಲ.

ಇಲಿಗಳಲ್ಲಿ ಸಿಕ್ಕ ಆ ಎಂಎಕ್ಸ್ ಜೀನಿಗೆ ಮನುಷ್ಯರಲ್ಲಿರುವ ಜೋಡಿಯ ಪ್ರೋಟೀನ್ ಈಗ ರಕ್ತಪರೀಕ್ಷೆಗೂ ಬಂದಿದೆ. ಬೆರಳ ತುದಿಯ ಹನಿ ರಕ್ತದಲ್ಲಿ ಅದು ಏರಿದ್ದರೆ ಜ್ವರ ವೈರಸ್ಸಿನದ್ದು ಅಂತ ಡಾಕ್ಟರಿಗೆ ಒಂದು ಸುಳಿವು. ಸುಮ್ನೆ ಆ್ಯಂಟಿಬಯೋಟಿಕ್ ಬರೆಯುವುದು ತಪ್ಪುತ್ತದೆ.